ಎರಡನೇ ನಿದ್ದೆ

ಮಗು ಮಲಗಿದೆಯೇ ಎಂದು ವಿಚಾರಿಸಲು ಕೆಳಮನೆಯ ಆಂಟಿ ಕಾಲಿಂಗ್ ಬೆಲ್ ಒತ್ತಿದರು. ಅಲ್ಲಿಯವರೆಗೆ ಮಗು ಮಲಗಿತ್ತು.

ಒಂದು ಸಲ ಒತ್ತಿ ಸುಮ್ಮನಾಗುವ ಜಾಯಮಾನ ಅವರದಲ್ಲ. ಒತ್ತಿ, ಕಿವಿಗೊಟ್ಟು ಕೇಳಿ, ಮತ್ತೆ ಒತ್ತಿ, ಕೊನೆಗೆ ಬಾಗಿಲನ್ನೂ ಬಡಿದರು. ತಾಯಿ ಬಂದು ಚಿಲಕ ತೆಗೆಯುವಷ್ಟರಲ್ಲಿ ಒಳಗಿನ ಕೋಣೆಯಿಂದ ಅಳು ಶುರುವಾಗಿತ್ತು.

"ಮಲಗಿದ್ದಾನಾ?" ಆಂಟಿ ಪಿಸುಗುಟ್ಟಿದರು. ಬೆಲ್ಲನ್ನು ಅಷ್ಟು ಜೋರಾಗಿ ಬಾರಿಸಿದವರು ಮಾತನ್ನು ಮಾತ್ರ ಪಿಸುಗುಟ್ಟಿದ್ದು ಕಂಡು ಅವಳ ಮೈಯೆಲ್ಲ ಉರಿಯಿತು.

"ಮಲಗಿದ್ದ."

"ಅಯ್ಯೋ, ಹಾಗಾದ್ರೆ ಆಮೇಲೆ ಬರ್ತೀನಿ ಬಿಡು."

"ಈಗ ಎದ್ದಿದ್ದಾನಲ್ಲ ಆಂಟಿ, ಹೇಳಿ. ಏನು ವಿಷಯ?"

"ವಿಷಯ ಏನಿಲ್ಲಮ್ಮ. ಸದ್ದೇ ಇರ್ಲಿಲ್ವಲ್ಲ, ಮಗು ಚೆನ್ನಾಗಿದೆಯೋ ಇಲ್ವೋ ಅಂತ ಗಾಬರಿ ಆಯ್ತು. ಈಗ ಅಳ್ತಿದ್ದಾನಲ್ಲ, ಸಮಾಧಾನ ಆಯ್ತು." ಆಂಟಿ ನಿಜಕ್ಕೂ ಸಮಾಧಾನದಿಂದ ಮೆಟ್ಟಿಲಿಳಿದು ಹೋದರು.

ಕಟ್ಟಡದವರೆಲ್ಲ ಅವಳನ್ನು ಅನೌನ್ಸರಮ್ಮ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆಂದು ಹೇಳುವುದು ಅವಳ ಕೆಲಸ. ಅವಳು ಬಾಯಿ ತೆರೆದರೆ ನಿಲ್ದಾಣಕ್ಕೆ ನಿಲ್ದಾಣವೇ ಗಂಟುಮೂಟೆ ಎತ್ತಿಕೊಂಡು ಓಡುತ್ತಿತ್ತು. ಹೆರಿಗೆ ರಜೆಗೆ ಬಂದ ಮೇಲೆ ಅವಳ ಮಾತು ಕೇಳುವವರೇ ಇಲ್ಲವಾದರು. ಸಿಕ್ಕವರೆಲ್ಲ ಹೇಳುವವರೇ. ಮಗುವನ್ನು ಹೀಗೆ ಎತ್ತಿಕೋ, ಹಾಗೆ ಮಲಗಿಸು, ಟೋಪಿ ಯಾಕೆ ಹಾಕಿಲ್ಲ, ಇಷ್ಟು ಸೆಕೆಯಲ್ಲಿ ಟೋಪಿ ಯಾಕೆ ಹಾಕಿದೀಯ. ಹಲ್ಲು ಬಂದಿರುವ ಮನುಷ್ಯರೊಬ್ಬರ ಜೊತೆ ಅವಳು ಒಂದು ವಾಕ್ಯವನ್ನು ಪೂರ್ತಿ ಆಡಿ ಎಷ್ಟು ಕಾಲವಾಯಿತೋ ಅವಳಿಗೇ ನೆನಪಿರಲಿಲ್ಲ.

ಇವತ್ತು ಆ ಬರ ನೀಗುವುದಿತ್ತು. ಅವಳಿಗೆ ಕೆಲಸ ಕಲಿಸಿದ ದೊಡ್ಡಕ್ಕ ನಿವೃತ್ತಿಯಾಗಿ, ಈ ಊರನ್ನೇ ಬಿಟ್ಟು ದೂರದಲ್ಲಿರುವ ತಂಗಿಯ ಮನೆಗೆ ಹೊರಟಿದ್ದರು. ಮಧ್ಯಾಹ್ನ ಜೊತೆಗೆಲಸದ ಗೆಳತಿಯ ಮನೆಯಲ್ಲಿ ಬೀಳ್ಕೊಡುಗೆ. ಅಲ್ಲಿಂದ ಅವರು ಸೀದಾ ಸಂಜೆಯ ಬಸ್ಸು ಹತ್ತುವವರು. ಬುದ್ಧಿವಾದ ಹೇಳದೆ ಬರೀ ಕೇಳಿಸಿಕೊಳ್ಳುವ ಮನುಷ್ಯರು ಅಂತ ಅವಳ ಪಾಲಿಗಿದ್ದದ್ದು ದೊಡ್ಡಕ್ಕ ಒಬ್ಬರೇ. ಅವರ ಪಕ್ಕದಲ್ಲಿ ಕೂತು, ಟೀಯನ್ನು ಬಿಸಿಯಿರುವಾಗಲೇ ಕುಡಿಯುತ್ತ, ಇಷ್ಟು ತಿಂಗಳಿಂದ ಹೊಟ್ಟೆಯೊಳಗೆ ಕುದಿಯುತ್ತಿದ್ದುದನ್ನೆಲ್ಲ ಹೇಳಿಬಿಡಬೇಕು. ಇವತ್ತು ತಪ್ಪಿದರೆ ತಪ್ಪಿದಂತೆಯೇ.

ಬಸ್ ನಿಲ್ದಾಣದವರಿಗೊಂದು ರೋಗವಿದೆ. ಹೊರಡುವ ಹೊತ್ತನ್ನು ಗೊತ್ತುಮಾಡಿಬಿಟ್ಟರೆ ಎಲ್ಲವೂ ಆ ಹೊತ್ತಿಗೆ ಹೊರಟೇ ಹೊರಡುತ್ತದೆಂದು ನಂಬುತ್ತಾರೆ. ಅವರ ಬಸ್ಸುಗಳೇ ಹಾಗೆ ಹೊರಡುವುದಿಲ್ಲ, ಅದು ಬೇರೆ ಮಾತು. ಮಗುವಿಗೆ ಹಗಲಿನಲ್ಲಿ ಎರಡು ನಿದ್ದೆ. ಮೊದಲನೆಯದು ಬೆಳಿಗ್ಗೆ, ಅದು ಹೇಗಾದರೂ ಆಗಲಿ, ಚಿಂತೆಯಿಲ್ಲ. ಎರಡನೆಯದನ್ನು ಊಟದ ಹೊತ್ತಿಗೇ ಮುಗಿಸಿದರೆ ಮಗು ನಗುನಗುತ್ತ ಎದ್ದು, ಹಾಲು ಕುಡಿದು, ಬೀಳ್ಕೊಡುಗೆಯಲ್ಲಿ ಎಲ್ಲರ ತೊಡೆಯ ಮೇಲೂ ಕೂತು, ತಾಯಿಯನ್ನು ಅವಳ ಪಾಡಿಗೆ ಬಿಡುತ್ತದೆ. ಇದು ಅವಳ ಲೆಕ್ಕಾಚಾರ. ಆ ಎರಡನೇ ನಿದ್ದೆಗೇ ಆಂಟಿ ಕಲ್ಲು ಹಾಕಿ ಹೋಗಿದ್ದರು.

ಸರಿ, ಅವಳು ಮತ್ತೆ ಮಗುವನ್ನು ಭುಜಕ್ಕೆ ಹಾಕಿಕೊಂಡು ಕೋಣೆಯ ಉದ್ದಕ್ಕೂ ನಡೆದಳು. ಹಾಡಿದಳು, ತಟ್ಟಿದಳು, ಮನಸ್ಸಿನಲ್ಲೇ ಆಂಟಿಗೆ ಬೈದಳು. ತೋಳು ಬಿದ್ದುಹೋಗುತ್ತದೆನ್ನುವಾಗ ಮಗುವಿನ ತಲೆ ವಾಲಿತು. ಉಸಿರು ಬಿಗಿಹಿಡಿದು ಹಾಸಿಗೆಯ ಮೇಲೆ ಇಳಿಸಿ, ಕೈಯನ್ನು ಕಳ್ಳಿಯಂತೆ ಹಿಂದಕ್ಕೆಳೆದುಕೊಂಡಳು. ಮಗು ಮಿಸುಕಲಿಲ್ಲ.

ಫೋನು ಕಿರುಚಿತು. ಗಂಡ.

"ಮಲಗಿದ್ನಾ?"

ಅವಳ ಬೆನ್ನ ಹಿಂದೆ ಅಳು ಅದಾಗಲೇ ಏರುತ್ತಿತ್ತು. "ಇದನ್ನ ಕೇಳೋಕೆ ಫೋನ್ ಮಾಡಿದ್ರಾ?"

"ಅಲ್ಲ, ನೀನು ಹೊರಗೆ ಹೋಗ್ಬೇಕು ಅಂತಿದ್ದೆಯಲ್ಲ. ಅವನು ಮಲಗಿ ಎದ್ರೇನೇ ನಿಂಗೆ ಹೊರಡೋಕಾಗೋದು ಅಂತ ಕಾಳಜಿಗೆ..."

"ನಿಮ್ಮ ಕಾಳಜೀನ ಆಫೀಸಲ್ಲೇ ಇಟ್ಕೊಳ್ಳಿ. ಮನೆಗೆ ತರಬೇಡಿ!"

"ಯಾಕೆ ಹೀಗೆ ರೇಗ್ತೀಯ? ನೀನೂ ಸ್ವಲ್ಪ ನಿದ್ದೆ ಮಾಡಬಾರದಾ, ಅವನು ಮಲಗಿದಾಗ?"

ಅವಳು ಫೋನನ್ನು ಸೋಫಾದ ಮೇಲೆ ಎಸೆದಳು. ಗೋಡೆಗೇ ಎಸೆಯಬೇಕೆಂದಿದ್ದಳು. ಫೋನಿನ ಕಂತು ಇನ್ನೂ ತೀರಿರಲಿಲ್ಲ.

ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಅಳುವ ಮಗುವಿಗೆ ಒಂದು ಕೈಯಲ್ಲಿ ಅಂಗಿ ತೊಡಿಸುತ್ತ, ಇನ್ನೊಂದು ಕೈಯಲ್ಲಿ ತನ್ನ ಕೂದಲು ಬಾಚುತ್ತ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಸಿದ್ಧಳಾದಳು. ಬಾಟಲಿ, ಬಟ್ಟೆ, ಗಿಲಕಿ ಎಲ್ಲವನ್ನೂ ಚೀಲಕ್ಕೆ ತುರುಕಿ ಬಾಗಿಲು ಹಾಕಿ ಹೊರಬಂದರೆ, ಏನಾಶ್ಚರ್ಯ, ಮೆಟ್ಟಿಲಿಳಿಯುವ ಕುಲುಕಾಟಕ್ಕೆ ಮಗುವಿನ ಕಣ್ಣು ಮುಚ್ಚತೊಡಗಿತು. ಅವಳು ಬೇಕೆಂದೇ ನಿಧಾನವಾಗಿ, ಒಂದೊಂದೇ ಮೆಟ್ಟಿಲನ್ನು ತೂಗಿ ತೂಗಿ ಇಳಿದಳು. ಕೆಳಗಿನಿಂದ ಮೇಲ್ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಹತ್ತಿ ಬರುತ್ತಿದ್ದರು.

"ಇದೇನಿದು, ಹಾಡುಹಗಲಲ್ಲಿ ಮಲಗಿಸ್ತಿದ್ದೀಯ?"

ಅವಳು ತುಟಿಯ ಮೇಲೆ ಬೆರಳಿಟ್ಟಳು. ಮೂವತ್ತು ವರ್ಷ ಇತರರ ತುಟಿಯ ಮೇಲೆ ಬೆರಳಿಡಿಸಿದ್ದ ಮೇಷ್ಟ್ರಿಗೆ ಅದು ಅರ್ಥವಾಗಲಿಲ್ಲ.

"ಹಗಲು ಮಲಗಿಸಿದ್ರೆ ಬುದ್ಧಿ ಮಂದ ಆಗುತ್ತಮ್ಮ. ನನ್ನ ಕ್ಲಾಸಲ್ಲಿ ಎಷ್ಟು ಹುಡುಗರು ಮಲಗ್ತಿದ್ರು. ಒಬ್ಬನಾದ್ರೂ ಉದ್ಧಾರ ಆಗ್ಲಿಲ್ಲ. ಏಳೋ ಮರಿ!" ಎಂದವರೇ ಮಗುವಿನ ಅಂಗಾಲಿಗೆ ಕಚಗುಳಿಯಿಟ್ಟರು.

ಅವಳ ತಾಳ್ಮೆಯ ದಾರ ಅಲ್ಲಿಗೆ ಅರ್ಧ ಹರಿಯಿತು. "ನಿಮ್ಮ ಪಾಠಕ್ಕೆ ಮಲಗಿದ್ರು ಅಂದ್ರೆ ತಪ್ಪು ಹುಡುಗರದ್ದಲ್ಲ ಸಾರ್. ನೀವು ಇವನಿಗೂ ಒಂದು ಪಾಠ ಮಾಡಿಬಿಟ್ಟಿದ್ರೆ ನನ್ನ ಕೆಲಸ ಸುಲಭ ಆಗ್ತಿತ್ತು!"

ಅವಳು ಅಳುವ ಮಗುವಿನೊಂದಿಗೆ ಬೀದಿಗಿಳಿದು ಆಟೋ ಹಿಡಿದಳು.

ಆಟೋ ಹೊರಟಿತು. ಇಂಜಿನ್ನಿನ ಗುರುಗುಟ್ಟುವಿಕೆ, ಸೀಟಿನ ನಡುಕ, ಮುಖಕ್ಕೆ ಗಾಳಿ. ಮಗು ಒಂದೆರಡು ಸಲ ಬಿಕ್ಕಿತು, ಹೆಬ್ಬೆರಳು ಚೀಪಿತು, ಮಲಗಿಯೇಬಿಟ್ಟಿತು. ಅವಳಿಗೆ ಕುಣಿಯಬೇಕೆನಿಸಿತು. ಹೀಗೇ ಮಲಗಿದ್ದರೆ ಹಾಗೇ ಎತ್ತಿಕೊಂಡು ಹೋಗಿ ಗೆಳತಿಯ ಕೋಣೆಯಲ್ಲಿ ಮಲಗಿಸಿಬಿಡಬಹುದು. ದೊಡ್ಡಕ್ಕನಿಗೆ ಮೊದಲು ಯಾವುದನ್ನು ಹೇಳುವುದು? ಆಂಟಿಯಿಂದ ಶುರು ಮಾಡುವುದೋ, ಗಂಡನಿಂದಲೋ?

ಸಿಗ್ನಲ್ ಬಂತು. ಆಟೋದವನು ಇಂಜಿನ್ ನಿಲ್ಲಿಸಿದ. ಸದ್ದು ನಿಂತೊಡನೆ ಮಗು ಬೆಚ್ಚಿಬಿದ್ದು ಕಣ್ಣು ಬಿಟ್ಟಿತು.

"ಯಾಕೆ ಆಫ್ ಮಾಡಿದ್ರಿ?" ಅವಳು ಚೀರಿದಳು.

"ಮಗು ಮಲಗಿದೆಯಲ್ಲ ಮೇಡಂ, ಸದ್ದಾಗುತ್ತೆ ಅಂತ." ಆಟೋದವನು ಹಿಂದಕ್ಕೆ ತಿರುಗಿ ಹೆಮ್ಮೆಯಿಂದ ನಕ್ಕ. "ನಂಗೂ ಎರಡು ಮಕ್ಕಳಿವೆ. ನಂಗೊತ್ತಾಗುತ್ತೆ."

"ಸ್ಟಾರ್ಟ್ ಮಾಡ್ರೀ!"

"ಸಿಗ್ನಲ್ ಇದೆ ಮೇಡಂ."

"ನಿಂತಲ್ಲೇ ಸ್ಟಾರ್ಟ್ ಮಾಡಿ! ಪೆಟ್ರೋಲ್ ಕಾಸು ನಾನು ಕೊಡ್ತೀನಿ!"

ಆಟೋದವನು ಬೆದರಿ ಸ್ಟಾರ್ಟ್ ಮಾಡಿದ. ಮಗು ಆಗಲೇ ಕಿರುಚತೊಡಗಿತ್ತು. ಪಕ್ಕದ ಸ್ಕೂಟರಿನ ಮೇಲಿದ್ದಾಕೆ ಬಗ್ಗಿ ನೋಡಿ, "ಪಾಪ, ನಿದ್ದೆ ಬಂದಿರ್ಬೇಕು ಮಗೂಗೆ, ಮಲಗಿಸಿ" ಎಂದು ಸಲಹೆ ಕೊಟ್ಟು ಹೋದಳು. ಅವಳ ಸ್ಕೂಟರಿನ ಚಕ್ರದ ಗಾಳಿ ತೆಗೆಯಬೇಕೆಂಬ ಆಸೆಯನ್ನು ಅನೌನ್ಸರಮ್ಮ ಕಷ್ಟಪಟ್ಟು ನುಂಗಿಕೊಂಡಳು.

ಗೆಳತಿಯ ಮನೆ ಮುಟ್ಟುವಾಗ ಅತ್ತು ಅತ್ತು ಸೋತ ಮಗು ಭುಜದ ಮೇಲೆ ಮತ್ತೆ ಮಂಪರಿಗಿಳಿದಿತ್ತು. ಗೇಟನ್ನು ಸದ್ದಾಗದಂತೆ ಸರಿಸಿ, ಚಪ್ಪಲಿಯನ್ನು ಕಾಲಿನಿಂದಲೇ ಮೆಲ್ಲಗೆ ಕಳಚಿ, ಬಾಗಿಲನ್ನು ಬೆರಳ ತುದಿಯಿಂದ ತಳ್ಳಿದಳು.

"ಬಂದ್ಲು ನೋಡ್ರೇ ನಮ್ಮ ಅನೌನ್ಸರಮ್ಮ!" ಗೆಳತಿ ಕೂಗಿದಳು. ಮೈಕಿಲ್ಲದೆಯೂ ಎರಡು ಬೀದಿಗೆ ಕೇಳಿಸುವ ಗಂಟಲುಗಳು ಹತ್ತಾರು ಒಟ್ಟಿಗೆ ಹೋ ಎಂದವು. ಚಪ್ಪಾಳೆ ಬಿತ್ತು. ಯಾರೋ ಸೀಟಿ ಹೊಡೆದರು.

ಮಗು ಕಣ್ಣು ಬಿಟ್ಟಿತು. ಅವಳ ದಾರದ ಉಳಿದರ್ಧವೂ ಹರಿಯಿತು.

"ಬಾಯಿ ಮುಚ್ಚಿ ಎಲ್ಲರೂ!" ಹೊಸ್ತಿಲ ಮೇಲೆ ನಿಂತೇ ಅವಳು ಗುಡುಗಿದಳು. "ಬೆಳಗ್ಗೆಯಿಂದ ನೋಡ್ತಿದ್ದೀನಿ. ಮಲಗಿದವರನ್ನ ಎಬ್ಬಿಸೋದೇ ಈ ಊರಿನವರ ಕಸುಬಾ? ನಿದ್ದೆ ಬೆಲೆ ಗೊತ್ತಾ ನಿಮಗೆ? ಇನ್ನು ಮೇಲೆ ಈ ಮನೇಲಿ ಮಲಗಿರೋ ಜೀವಾನ ಯಾರಾದ್ರೂ ಎಬ್ಬಿಸಿದ್ರೆ, ಅವರ ಮುಖ ಈ ಜನ್ಮದಲ್ಲಿ ನೋಡಲ್ಲ. ಮನೆಗೆ ಬೆಂಕಿ ಬಿದ್ರೂ ಎಬ್ಬಿಸಕೂಡದು. ಗೊತ್ತಾಯ್ತಾ?"

ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದು ತಲೆಯಾಡಿಸಿದಳು. ಸೀಟಿ ಹೊಡೆದವಳು ಪರದೆಯ ಹಿಂದೆ ಸರಿದಳು.

ದೊಡ್ಡಕ್ಕ ಮಾತ್ರ ಎದ್ದು ಬಂದು ಮಗುವನ್ನು ಎತ್ತಿಕೊಂಡರು. "ನೀನು ಕೂತ್ಕೋ. ಮೊದಲು ಇವನನ್ನ ಮಲಗಿಸೋಣ. ನಿನ್ನ ಕತೆ ಎಲ್ಲಾನೂ ಕೇಳ್ತೀನಿ, ನನ್ನ ಬಸ್ಸಿಗೆ ಇನ್ನೂ ಹೊತ್ತಿದೆ."

ಅವಳ ಕಣ್ಣು ತುಂಬಿ ಬಂತು. ಸೋಫಾದ ಮೂಲೆಯಲ್ಲಿ ಕುಸಿದಳು. ಆ ಸೋಫಾವೋ, ಕೂತವರನ್ನು ಸೊಂಟದವರೆಗೆ ನುಂಗುವಂಥದ್ದು.

ಲಾಲಿಗೆ ಮಗು ಸೊಪ್ಪು ಹಾಕಲಿಲ್ಲ. ಆಗ ದೊಡ್ಡಕ್ಕ ತಮಗೆ ಬರುವ ಒಂದೇ ರಾಗಕ್ಕೆ ಕೈಹಾಕಿದರು. ಮಗುವನ್ನು ತೂಗುತ್ತ, ಜೀವಮಾನವೆಲ್ಲ ನುಡಿದ ಅದೇ ಏರಿಳಿತವಿಲ್ಲದ ದನಿಯಲ್ಲಿ ಶುರುಮಾಡಿದರು. "ಪ್ರಯಾಣಿಕರ ಗಮನಕ್ಕೆ... ಬಂದರಿನ ಕಡೆಗೆ ಹೋಗುವ ಎಲ್ಲ ನಿಲುಗಡೆಯ ಬಸ್ಸು... ಪ್ಲಾಟ್‌ಫಾರಂ ನಾಲ್ಕರಿಂದ..." ಉಳಿದವರೂ ತಗ್ಗಿದ ದನಿಯಲ್ಲಿ ಸೇರಿಕೊಂಡರು. "ತಡವಾಗಿ ಹೊರಡಲಿದೆ... ಪ್ರಯಾಣಿಕರು ದಯವಿಟ್ಟು ಸಹಕರಿಸಬೇಕು..." ಹಿಂದೊಮ್ಮೆ ಇದೇ ದನಿಗೆ ಬೆಂಚಿನ ಮೇಲಿದ್ದವರೆಲ್ಲ ತೂಕಡಿಸಿ ತಮ್ಮ ತಮ್ಮ ಬಸ್ಸು ಬಿಟ್ಟುಕೊಂಡದ್ದುಂಟು. ಟೀ ಬರುವವರೆಗೆ ಎಂದು ಅವಳು ಒಂದು ನಿಮಿಷ ಕಣ್ಣು ಮುಚ್ಚಿದಳು.

ಕಣ್ಣು ಬಿಟ್ಟಾಗ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಕುರ್ಚಿಗಳು ಒಂದರ ಮೇಲೊಂದು ಕೂತಿದ್ದವು. ಅವಳ ಮೈಮೇಲೆ ಹೊದಿಕೆಯಿತ್ತು, ತಲೆಯಡಿ ದಿಂಬಿತ್ತು. ಎದುರಿನ ಟೀಪಾಯಿಯ ಮೇಲೆ ಒಂದು ಲೋಟ ಟೀ ಕೆನೆಗಟ್ಟಿ ತಣ್ಣಗಾಗಿತ್ತು. ಗೆಳತಿ ತುದಿಗಾಲಲ್ಲಿ ನಡೆಯುತ್ತ ತಟ್ಟೆಗಳನ್ನು ಎತ್ತಿಡುತ್ತಿದ್ದಳು.

"ದೊಡ್ಡಕ್ಕ ಎಲ್ಲಿ?"

"ಎದ್ಯಾ?" ಗೆಳತಿ ಪಿಸುಗುಟ್ಟಿದಳು. "ಹೊರಟು ಎಷ್ಟೋ ಹೊತ್ತಾಯ್ತು. ಈಗ ಬಸ್ಸು ಊರು ದಾಟಿರುತ್ತೆ."

"ಮಗು?"

"ಅಯ್ಯೋ, ಅವನೊಬ್ಬ ಕಿಲಾಡಿ ಕಣೇ! ನಮ್ಮ ಅನೌನ್ಸ್‌ಮೆಂಟಿಗೆ ಮಲಗಿದ್ದು ನೀನು, ಅವನು ಪಿಳಿಪಿಳಿ ನೋಡ್ತಾ ಕೂತ. ಎಲ್ಲರ ತೊಡೆ ಮೇಲೂ ಕೂತು ಬಂದ. ದೊಡ್ಡಕ್ಕಂಗಂತೂ ಅಂಟ್ಕೊಂಡುಬಿಟ್ಟಿದ್ದ. ಅವನು ಆ ಅಂದ್ರೆ ಅವರು 'ಹೌದಾ? ಆಮೇಲೆ?' ಅನ್ನೋರು. ಊ ಅಂದ್ರೆ 'ಹಾಗಂದ್ರಾ? ಎಂಥ ಜನ ನೋಡು!' ಅನ್ನೋರು. ಇಡೀ ಮಧ್ಯಾಹ್ನ ಅವರಿಬ್ಬರದೇ ಮಾತು. ಅಷ್ಟು ಮನಸ್ಸಿಟ್ಟು ಕೇಳಿದ್ರು ನೋಡು."

"ನನ್ನನ್ನ..."

"ನಿನ್ನನ್ನ ಒಂದ್ಸಲಾನೂ ಮುಟ್ಟಿಲ್ಲ!" ಗೆಳತಿ ಹೆಮ್ಮೆಯಿಂದ ಎದೆಯ ಮೇಲೆ ಕೈಯಿಟ್ಟಳು. "ನೀನು ಬಾಗಿಲಲ್ಲಿ ನಿಂತು ಅಷ್ಟು ಹೇಳಿದ ಮೇಲೆ ಯಾರಿಗೆ ಧೈರ್ಯ? ಪಾರ್ಟಿ ಪೂರ್ತಿ ಪಿಸುಮಾತಲ್ಲೇ ಮಾಡಿದ್ವಿ. ದೊಡ್ಡಕ್ಕ ಭಾಷಣಾನೂ ಪಿಸುಮಾತಲ್ಲೇ ಮಾಡಿದ್ರು. ಚಪ್ಪಾಳೆ ಹೊಡೀಲಿಲ್ಲ, ಕೈ ಅಲ್ಲಾಡಿಸಿದ್ವಿ. ಹೊರಡೋವಾಗ ನಿನ್ನ ಮುಂದೆ ಬಂದು ಅಷ್ಟು ಹೊತ್ತು ನಿಂತಿದ್ರು. ಎಬ್ಬಿಸ್ಲಾ ಅಂತ ಕೇಳಿದ್ರು. ನಾನೇ ಬೇಡ ಅಂದೆ."

ಬೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದ ಸಿಟ್ಟು ಈಗ ನೆತ್ತಿಗೇರಿತು. ಹೊದಿಕೆಯನ್ನು ಕಿತ್ತೆಸೆದು ಅವಳು ಎದ್ದು ನಿಂತಳು. ಇಡೀ ಬಸ್ ನಿಲ್ದಾಣವನ್ನು ಎಬ್ಬಿಸಿ ಓಡಿಸುತ್ತಿದ್ದ ಆ ದನಿ ಇಷ್ಟು ತಿಂಗಳ ಮೇಲೆ ಪೂರ್ತಿ ಹೊರಬಂತು.

"ಒಬ್ಬರಾದ್ರೂ ಎಬ್ಬಿಸಬಾರದಿತ್ತೇನ್ರೇ!"

ಕಿಟಕಿಯ ಗಾಜು ಝಲ್ಲೆಂದಿತು. ಒಳಗಿನ ಕೋಣೆಯಿಂದ ಚಿಟ್ಟನೆ ಚೀರಿದ ಅಳು.

ಗೆಳತಿಯ ಕೈಯಿಂದ ತಟ್ಟೆ ಜಾರಿತು. ಅವಳ ಮುಖ ಕೆಂಪೇರಿತು.

"ಈಗ ತಾನೆ, ಇದೇ ಈಗ ಮಲಗಿದ್ದ ಕಣೇ! ಮಲಗಿಸೋಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯ್ತು. ಹೆತ್ತ ತಾಯಿ ನೀನು, ನಿನಗಾದ್ರೂ ಬುದ್ಧಿ ಬೇಡ್ವಾ?"