ಐದು ಬೆರಳು ಮಡಿಸುವ ಅತ್ತೆ

ನಮ್ಮ ಸೋದರತ್ತೆಗೆ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಬರುವಷ್ಟರಲ್ಲಿ ನೀವು ಮುದ್ದೆ ಕಟ್ಟಿ, ಉಂಡು, ಕೈ ತೊಳೆದುಕೊಂಡು ಬರಬಹುದು! ಅತ್ತೆ ಕಿವುಡಿಯಲ್ಲ, ಪೆದ್ದಿಯಂತೂ ಅಲ್ಲವೇ ಅಲ್ಲ. ಏನು ಕೇಳಿದರೂ ಬಲಗೈ ಎತ್ತಿ, ಐದು ಬೆರಳನ್ನೂ ಒಂದೊಂದಾಗಿ ಮಡಿಸಿ, ಮುಷ್ಟಿಯಾದ ಮೇಲೆಯೇ ಬಾಯಿ ಬಿಡುವುದು ಅವರ ಪದ್ಧತಿ. ಅವಸರ ಮಾಡಿದವರಿಗೆ "ಒಸಿ ತಡಿ" ಎಂಬ ಎರಡೇ ಮಾತು. ನಮ್ಮ ಕಡೆ ಒಸಿ ಎಂದರೆ ಸ್ವಲ್ಪ. ಅತ್ತೆಯ ಒಸಿಗೆ ಮಾತ್ರ ಅಳತೆಯಿಲ್ಲ.

ಹೆಣ್ಣು ನೋಡಲು ಬಂದ ದಿನ ಮಾವ ಧೈರ್ಯ ಮಾಡಿ "ನಾನು ಒಪ್ಪಿಗೇನಾ?" ಎಂದು ಕೇಳಿದರಂತೆ. ಅತ್ತೆ ಹೆಬ್ಬೆರಳು ಮಡಿಸಿದರು. ತೋರುಬೆರಳು ಮಡಿಸಿದರು. ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು, ತಾತ ಬೆವರಿದರು, ಯಾರೋ ಹೊರಗೆ ಹೋಗಿ ಚಪ್ಪಲಿ ಹುಡುಕತೊಡಗಿದರು. ಕಿರುಬೆರಳೂ ಮಡಿಸಿದ ಮೇಲೆ "ಊಂ" ಎಂದರಂತೆ. "ಆ ಐದು ಬೆರಳು ಮಡಿಸೋದ್ರೊಳಗೆ ನಂಗೆ ಐದು ವರ್ಷ ವಯಸ್ಸಾಗೋಯ್ತು ಕಣವ್ವ" ಎಂದು ಮಾವ ಈಗಲೂ ನನ್ನ ಹತ್ತಿರ ದೂರುತ್ತಾರೆ.

ಇಂಥವರಿಗೆ ಸರ್ಕಾರ ಯಾವ ಕೆಲಸ ಕೊಟ್ಟಿದೆ ಗೊತ್ತೆ? ಕನಕಪುರದ ಹತ್ತಿರದ ಹಳ್ಳಿಯೊಂದರಲ್ಲಿ ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಪಾಠ ಹೇಳುವ ಕೆಲಸ! ಆ ಮಕ್ಕಳೋ, ಪ್ರಶ್ನೆ ಅರ್ಧವಾಗುವ ಮೊದಲೇ "ಮಿಸ್ ನಾನು, ಮಿಸ್ ನಾನು" ಎಂದು ಎದ್ದು ಕುಣಿಯುವವರು. ಹೇಳುವುದು ಮಾತ್ರ ಬಾಯಿಗೆ ಬಂದದ್ದು. ಅತ್ತೆ ತಮ್ಮ ಪದ್ಧತಿಯನ್ನೇ ಅಲ್ಲಿ ಕಾನೂನು ಮಾಡಿದರು. ಪ್ರಶ್ನೆ ಕೇಳಿದ ಮೇಲೆ ಎಲ್ಲರೂ ಬೆರಳು ಮಡಿಸಬೇಕು, ಮುಷ್ಟಿಯಾಗುವವರೆಗೆ ಯಾರೂ ಉಸಿರೆತ್ತಬಾರದು.

"ಇದ್ಯಾತಕ್ಕತ್ತೆ?" ಎಂದೆ ನಾನು. ಬೆರಳೆಲ್ಲ ಮಡಿಸಿ ಮುಗಿಸಿ ಹೇಳಿದರು: "ಬಾಯಿಗಿಂತ ಮುಂಚೆ ತಲೆ ಓಡ್ಲಿ ಅಂತ ಕಣವ್ವ. ಆಮೇಲೆ, ಆ ಮಗು ಭೂಮಿಕಂಗೂ ಒಸಿ ಟೈಮ್ ಸಿಗ್ಲಿ ಅಂತ."

ಭೂಮಿಕ ಎರಡನೇ ತರಗತಿಯ ಹುಡುಗಿ. ಅವಳಿಗೆ ಮಾತು ತಡ. ಉತ್ತರ ಅವಳ ಗಂಟಲಿಗೆ ಬರುವಷ್ಟರಲ್ಲಿ ಉಳಿದವರು ಕೂಗಿ ಮುಗಿಸಿರುತ್ತಿದ್ದರು. ರೇಷ್ಮೆ ಹುಳ ಸಾಕುವ ಅವಳ ಅಪ್ಪ ಒಂದು ದಿನ ಶಾಲೆಗೆ ಬಂದು, "ಇವ್ಳ ತಲೆಗೇನೂ ಹತ್ತಾಕಿಲ್ಲ ಮಿಸ್. ಬುದ್ಧಿ ಕಮ್ಮಿ ಇರೋ ಮಕ್ಳಿಗೆ ಬೆಂಗಳೂರಲ್ಲಿ ಹಾಸ್ಟೆಲ್ ಐತಂತೆ, ಅಲ್ಲಿಗೆ ಹಾಕ್ಬುಡ್ತೀನಿ" ಎಂದಿದ್ದರು. ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ. ಶಾಲೆ ನೋಡಲು ಬರುವ ಸಾಹೇಬರು ಹೇಗೆ ಹೇಳುತ್ತಾರೋ ಹಾಗೆ ಎಂದು ಕೊನೆಗೆ ಇಬ್ಬರೂ ಒಪ್ಪಿಕೊಂಡಿದ್ದರು.

ಈ ನಡುವೆ ಬೆರಳು ಮಡಿಸುವ ರೋಗ ಊರಿಗೆಲ್ಲ ಹಬ್ಬಿತು. ಒಬ್ಬ ಅಜ್ಜಿ ಹಿತ್ತಲಿಂದ "ಒಲೆ ಮೇಲೆ ಹಾಲು ಉಕ್ತಾ ಐತೇನ್ಲಾ?" ಎಂದು ಕೂಗಿದರಂತೆ. ಮೊಮ್ಮಗ ಪಾತ್ರೆಯ ಮುಂದೆ ನಿಂತು, ಶಾಸ್ತ್ರೋಕ್ತವಾಗಿ ಐದೂ ಬೆರಳು ಮಡಿಸಿ, "ಉಕ್ತಾ ಇಲ್ಲ ಕಣಜ್ಜಿ, ಉಕ್ಕೋಯ್ತು" ಎಂದನಂತೆ. ಮರುದಿನ ಅಜ್ಜಿ ಶಾಲೆಗೇ ಬಂದು ಅತ್ತೆಗೆ ಮಂಗಳಾರತಿ ಎತ್ತಿ ಹೋದರು.

ಸಾಹೇಬರು ಬರುವ ದಿನ ಅತ್ತೆಯನ್ನೂ ಅವರ ಚಾರ್ಟುಗಳನ್ನೂ ನನ್ನ ಸ್ಕೂಟರಿನಲ್ಲಿ ಹೇರಿಕೊಂಡು ಹೋದೆ. ತಮಾಷೆ ನೋಡುವ ಆಸೆಯಿಂದ ತರಗತಿಯ ಹಿಂದೆಯೇ ಕುಳಿತೆ. ಸಾಹೇಬರಿಗೆ ಅಂದೇ ಇನ್ನೂ ಮೂರು ಶಾಲೆ ನೋಡುವುದಿತ್ತು. ಬಂದವರೇ "ಎರಡಕ್ಕೆ ಮೂರು ಸೇರಿಸಿದ್ರೆ ಎಷ್ಟು?" ಎಂದರು.

ತರಗತಿ ತುಂಬ ಕೈಗಳು ಎದ್ದವು, ಬೆರಳು ಮಡಿಸತೊಡಗಿದವು. ಇಷ್ಟಕ್ಕೂ ಬೆರಳೆಣಿಸಬೇಕೆ ಎಂದು ಸಾಹೇಬರು ಮರುಗಿ, "ಹೋಗ್ಲಿ, ನಮ್ಮ ತಾಲ್ಲೂಕು ಯಾವುದು?" ಎಂದರು.

"ಐದು!" ಎಂದಿತು ತರಗತಿ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹಸುವಿಗೆ ಎಷ್ಟು ಕಾಲು?"

"ಕನಕಪುರ!"

"ಏನ್ ಟೀಚರ್ ಇದು?" ಎಂದು ಅವರು ಅತ್ತೆಯತ್ತ ತಿರುಗಿದರು. ಅತ್ತೆ ಏನು ಮಾಡಬೇಕು ಹೇಳಿ? ಬಲಗೈ ಎತ್ತಿ ಹೆಬ್ಬೆರಳು ಮಡಿಸಿದರು! ಅಷ್ಟರಲ್ಲಿ "ನಾಲ್ಕು!" ಎಂದಿತು ತರಗತಿ. ನಾನು ಚಾರ್ಟಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ.

ಭೂಮಿಕಳ ಅಪ್ಪ ಬಾಗಿಲಲ್ಲೇ ನಿಂತಿದ್ದರು. "ಸಾ, ನನ್ ಮಗ್ಳನ್ನ ಒಂದು ಮಾತು ಕೇಳ್ಬುಡಿ" ಎಂದರು. ಅತ್ತೆ ಮುಂಚೆಯೇ ವಿಷಯ ತಿಳಿಸಿದ್ದರಿಂದ ಸಾಹೇಬರು ಅವಳನ್ನು ಎಬ್ಬಿಸಿ ನಿಲ್ಲಿಸಿದರು. "ತಟ್ಟೇಲಿ ಎಂಟು ರೇಷ್ಮೆ ಹುಳ ಇದ್ವು. ಮೂರು ಗೂಡು ಕಟ್ಕೊಂಡ್ವು. ಇನ್ನೆಷ್ಟು ಹುಳ ಉಳೀತಮ್ಮ?"

ಎಲ್ಲರ ಬೆರಳೂ ಮಡಿಸಿಕೊಂಡವು. ಉತ್ತರ ಉಳಿದ ಮಕ್ಕಳ ತುಟಿಯ ಮೇಲೇ ಇತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಮುಷ್ಟಿಯಾಯಿತು. ಭೂಮಿಕ ಸುಮ್ಮನೆ ನಿಂತಿದ್ದಳು. ಸಾಹೇಬರು ಪೆನ್ನು ತೆಗೆದರು. ಆಗ ಅತ್ತೆ, ನಾನು ಹುಟ್ಟಿದಾಗಿನಿಂದ ಕಾಣದ ಒಂದು ಕೆಲಸ ಮಾಡಿದರು. ಎಡಗೈಯನ್ನೂ ಎತ್ತಿದರು. ಅದನ್ನು ನೋಡಿ ಅಷ್ಟೂ ಮಕ್ಕಳು ಎಡಗೈ ಎತ್ತಿದರು. ಆರು, ಏಳು, ಎಂಟು. ಒಂಬತ್ತನೆಯ ಬೆರಳು ಮಡಿಸುವಾಗ ಭೂಮಿಕ ಹೇಳಿದಳು:

"ಎಂಟು."

ಅವಳ ಅಪ್ಪ ತಲೆ ತಗ್ಗಿಸಿದರು. ಸಾಹೇಬರು "ಅಲ್ಲಮ್ಮ..." ಎಂದು ಶುರು ಮಾಡಿದರು.

"ಗೂಡೊಳ್ಗೂ ಹುಳ ಐತಲ್ಲ ಸಾ" ಎಂದಳು ಭೂಮಿಕ.

ಸಾಹೇಬರು ಪೆನ್ನನ್ನು ಜೇಬಿಗೆ ಹಾಕಿಕೊಂಡರು. "ಹುಳ ಸಾಕೋನು ನೀನು, ಎಂಟು ಅಂತ ನಿಂಗೂ ಹೊಳೀಲಿಲ್ವಲ್ಲಪ್ಪ. ಏನ್ಮಾಡ್ತೀಯ ಈಗ, ಹಾಸ್ಟೆಲಿಗೆ ಹಾಕ್ತೀಯ?" ಎಂದು ಬಾಗಿಲ ಕಡೆ ಕೇಳಿದರು. ಆತ ಬಾಯಿ ತೆರೆದರು. ಭೂಮಿಕ ಅವರತ್ತ ಅಂಗೈ ತೋರಿಸಿ, "ಒಸಿ ತಡಿಯಪ್ಪ" ಎಂದಳು.

ಆತ ಮಗಳ ಮುಖ ನೋಡುತ್ತ, ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಕಪ್ಪಾದ ಬೆರಳುಗಳನ್ನು ಒಂದೊಂದಾಗಿ ಮಡಿಸತೊಡಗಿದರು. ಅಷ್ಟು ಹೊತ್ತು ನಗುತ್ತಿದ್ದ ನನಗೆ ಅಳು ಬಂತು. ಮೂರನೆಯ ಬೆರಳಿಗೇ ಆತ ಸೋತುಹೋದರು.

"ಬ್ಯಾಡ ಸಾ. ನಮ್ ಜೊತೇಲೇ ಇರ್ಲಿ ನನ್ ಮಗ್ಳು."

ಇನ್ನೂ ಎರಡು ಬೆರಳು ಬಾಕಿ ಇದ್ದವು. ಆದರೂ ಅತ್ತೆ "ಒಸಿ ತಡಿ" ಅನ್ನಲಿಲ್ಲ.