ಒಂದು ನಿಮಿಷದ ಅಜ್ಜಿ

ಅಪ್ಪನಿಗೆ ಅರವತ್ತು ತುಂಬಿತು. ಷಷ್ಟ್ಯಬ್ದಿಯ ದಿನ ಅಮ್ಮನಿಗೆ ಮತ್ತೊಮ್ಮೆ ತಾಳಿ ಕಟ್ಟುವುದೆಂದು ನಿಶ್ಚಯವಾಯಿತು. ಊಟದ ಹೊತ್ತಿಗೆ ಛತ್ರದ ಟಿ.ವಿ.ಯಲ್ಲಿ ತೋರಿಸಲು ಹಳೆಯ ಫೋಟೋಗಳದೊಂದು ವಿಡಿಯೊ ಮಾಡಿಸೋಣ ಎಂಬ ಮಾತು ಬಂದಾಗ, ಹೊರಗಿನವರು ಬೇಡವೆಂದವಳು ನಾನೇ. ಫೋಟೋಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದೇ ಸಾಲಿನ ಆಜ್ಞೆ ಟೈಪಿಸಿದರೆ ವಿಡಿಯೊ ಸಿದ್ಧ, ಮೌಸ್ ಕೂಡ ಮುಟ್ಟಬೇಕಾಗಿಲ್ಲ ಎಂದು ಘೋಷಿಸಿದೆ. ನಾನು ಮನೆಯಲ್ಲಿ ಕಡಿಮೆ ಮಾತಾಡುವವಳು. ಅಂದು ಯಾಕೆ ಅಷ್ಟು ಮಾತಾಡಿದೆನೋ!

ಅಮ್ಮ ಕೇಳಿದ್ದು ಒಂದೇ. ಅವಳ ತಾಯಿ ಅವಳ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಆ ಅಜ್ಜಿಯದು ಉಳಿದಿರುವುದು ಒಂದೇ ಫೋಟೋ.

“ಆ ಮದುವೇಲಂತೂ ಅಮ್ಮ ಇರ್ಲಿಲ್ಲ. ಈ ಮದುವೇಲಾದ್ರೂ ಒಂದು ನಿಮಿಷ ನಿಲ್ಲಲಿ ಕಣೇ. ಎಲ್ರೂ ನೋಡ್ಲಿ.”

ಒಟ್ಟು ತೊಂಬತ್ತಾರು ಫೋಟೋಗಳು. ಸೆಕೆಂಡಿಗೆ ಎಷ್ಟು ಚಿತ್ರ ಎಂದು ತಿಳಿಸಬೇಕಾದ ಜಾಗದಲ್ಲಿ ಪುಸ್ತಕ ನೋಡಿ ಇಪ್ಪತ್ತೈದು ಎಂದು ಹಾಕಿದೆ. ಅಪ್ಪನ ಅರವತ್ತು ವರ್ಷಗಳ ಜೀವನ ನಾಲ್ಕು ಸೆಕೆಂಡಿನೊಳಗೆ ಮುಗಿಯಿತು! ಅವರು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ನಿವೃತ್ತರಾಗಿದ್ದರು.

ಸೆಕೆಂಡಿಗೆ ಒಂದೇ ಚಿತ್ರವೆಂದು ಬದಲಾಯಿಸಿದೆ. ಆಗ ಇನ್ನೊಂದು ತಪ್ಪು ಕಂಡಿತು. ಫೋಟೋಗಳಿಗೆ ನಾನು ಕೊಟ್ಟ ನಂಬರುಗಳಲ್ಲಿ ಕಂಪ್ಯೂಟರು ಒಂದಾದ ಮೇಲೆ ಹತ್ತಕ್ಕೆ ಹಾರಿ, ಹತ್ತೊಂಬತ್ತನ್ನು ಮುಗಿಸಿ, ನಿಧಾನವಾಗಿ ಎರಡಕ್ಕೆ ಬರುತ್ತಿತ್ತು. ಹೀಗಾಗಿ ಅಪ್ಪ ಪದವಿ ಪಡೆದು, ಅಮ್ಮನ ಕೈಹಿಡಿದು, ಅನಂತರ ಚೌಲ ಮಾಡಿಸಿಕೊಂಡರು.

“ಮದುವೆ ಆದ್ಮೇಲೆ ತಲೆ ಬೋಳಿಸಿದ್ದಾರೆ. ಸರಿಯಾಗೇ ಇದೆ ಬಿಡು,” ಎಂದರು ಅಪ್ಪ.

ನಂಬರುಗಳ ಎಡಕ್ಕೆ ಸೊನ್ನೆ ಸೇರಿಸಿ ಅದನ್ನೂ ಸರಿಪಡಿಸಿದೆ. ಸೆಕೆಂಡಿಗೊಂದು ಚಿತ್ರವಾದ್ದರಿಂದ, ಮದುವೆಯ ಫೋಟೋಗಳಿಗೆ ಮೊದಲು ಅಜ್ಜಿಯ ಅರವತ್ತು ಪ್ರತಿಗಳನ್ನು ಸಾಲಾಗಿ ಇಟ್ಟೆ. ಕರಾರುವಾಕ್ಕಾಗಿ ಒಂದು ನಿಮಿಷ.

ಷಷ್ಟ್ಯಬ್ದಿಯ ಹಿಂದಿನ ದಿನ ಚಾಮರಾಜಪೇಟೆಯಿಂದ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಬಂದರು. ಆರಂಭವನ್ನಷ್ಟೇ ನೋಡಿ, ಗುರುತು ಹಿಡಿಯುವಷ್ಟರಲ್ಲಿ ಎಲ್ಲರೂ ಹೊರಟುಹೋಗುತ್ತಾರಲ್ಲ ಎಂದು ಬೇಸರಪಟ್ಟರು. ನ್ಯಾಯವಾದ ದೂರು. ಪ್ರತಿ ಚಿತ್ರಕ್ಕೂ ಐದು ಸೆಕೆಂಡೆಂದು ಬದಲಾಯಿಸಿ, ಮೊದಲ ಹತ್ತು ಫೋಟೋಗಳನ್ನು ಪರೀಕ್ಷಿಸಿ, ಸಿ.ಡಿ. ಮಾಡಿಬಿಟ್ಟೆ. ಗಣಿತದ ಎಂ.ಎಸ್ಸಿ.ಗೆ ಅಷ್ಟು ಪರೀಕ್ಷೆ ಸಾಕಲ್ಲ!

ಮರುದಿನ ಬಸವನಗುಡಿಯ ಛತ್ರದಲ್ಲಿ ಮೊದಲ ಪಂಕ್ತಿ ಕೂತಾಗ ವಿಡಿಯೊ ಶುರುವಾಯಿತು. ಅಜ್ಜಿ ಬಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ನಿಮಿಷವಾಯಿತು. ಅಜ್ಜಿ ಹೋಗಲಿಲ್ಲ. ಎರಡು ನಿಮಿಷವಾಯಿತು. ಆಗ ನನ್ನ ತಲೆಯಲ್ಲಿ ಗುಣಾಕಾರವೊಂದು ತಡವಾಗಿ ನಡೆಯಿತು. ಅರವತ್ತು ಪ್ರತಿ, ಒಂದೊಂದಕ್ಕೆ ಐದು ಸೆಕೆಂಡು. ಐದು ನಿಮಿಷ!

ಅಷ್ಟು ಹೊತ್ತು ಅಲುಗಾಡದೆ ನಿಂತ ಹಿರಿಯರ ಚಿತ್ರ ನಮ್ಮವರ ಪಾಲಿಗೆ ವಿಡಿಯೊ ಅಲ್ಲ, ಪೂಜೆಗಿಟ್ಟ ಫೋಟೋ. ಮುತ್ತೈದೆಯಾಗಿ ಹೋದವಳ ಹಣೆ ಬರಿದಾಗಿರಬಾರದೆಂದು ದೊಡ್ಡಮ್ಮ ಎದ್ದು, ಟಿ.ವಿ. ಗಾಜಿನ ಮೇಲೆಯೇ ಧಾರಾಳವಾಗಿ ಕುಂಕುಮ ಇಟ್ಟರು. ಅಮ್ಮ ಮಲ್ಲಿಗೆ ಮುಡಿಸಿದಳು. ಹೆಂಗಸರು ಸಾಲಾಗಿ ಬಂದು ಕೈಮುಗಿದರು. ಸಾರು ಬಡಿಸುತ್ತಿದ್ದವರು ಸೌಟು ಹಿಡಿದೇ ನಿಂತರು. ತಡೆಯಲು ಓಡಿದ ನನ್ನನ್ನು ದೊಡ್ಡಮ್ಮ ಹಿಡಿದು ನಿಲ್ಲಿಸಿದರು.

“ಎಲ್ಲಿಗೋಡ್ತೀಯ, ನಮಸ್ಕಾರ ಮಾಡು.”

ಮಾಡಿದೆ.

ಅಷ್ಟರಲ್ಲಿ ಅಜ್ಜಿಯ ಅವಧಿ ಮುಗಿಯಿತು. ಮದುಮಗನಾಗಿ ಅಪ್ಪ ಬಂದರು, ಮೂಗಿನ ಮೇಲೆ ಕುಂಕುಮ! ಬಳಿಕ ಅಪ್ಪನ ಮೇಲಧಿಕಾರಿಯ ಮೀಸೆಗೆ ಕುಂಕುಮ. ನನ್ನ ಘಟಿಕೋತ್ಸವದಲ್ಲಿ ಅದು ನೇರ ಪದವಿಪತ್ರದ ಮೇಲೆ. ಇಟ್ಟ ಕುಂಕುಮವನ್ನು ಅಂಥ ಶುಭದಿನ ಒರೆಸಲು ಅಲ್ಲಿದ್ದ ಒಬ್ಬ ಹೆಂಗಸೂ ಒಪ್ಪಲಿಲ್ಲ.

ಎಲ್ಲ ಮುಗಿದ ಮೇಲೆ ಕ್ಷಮೆ ಕೇಳಲು ಅಮ್ಮನ ಹತ್ತಿರ ಹೋದೆ.

“ಎಷ್ಟು ಚೆನ್ನಾಗಿ ಮಾಡಿದೀಯೇ,” ಎಂದಳು. “ಅಮ್ಮ ಬಂದು ಕೂತ್ಕೊಂಡ ಹಾಗೇ ಇತ್ತು.”

“ಮಿಕ್ಕಿದ್ದು?”

“ಮಿಕ್ಕಿದ್ದು ಏನಿತ್ತು ಅದ್ರಲ್ಲಿ?”

ನಿಂತ ಫೋಟೋಗಳನ್ನು ಓಡಿಸುತ್ತೇನೆಂದು ಹದಿನೈದು ದಿನ ದುಡಿದು ನಾನು ಸಾಧಿಸಿದ್ದು ಇಷ್ಟು: ಚೆನ್ನಾಗಿದ್ದ ಒಂದು ಟಿ.ವಿ.ಯನ್ನು ಫೋಟೋ ಫ್ರೇಮು ಮಾಡಿದೆ.