ಸಂತ ಫನೂರಿಯೋಸನ ಕೀಲಿಕೈ

ಅಂದಿನ ಸಕಲ ಅನಾಹುತಕ್ಕೂ ಮೂಲ ಒಂದು ಪ್ಯಾಂಟು.

"ಆ ಮೀನುನಾತದ ಪ್ಯಾಂಟು ಹಾಕ್ಕೊಂಡು ಸಂತರ ಮುಂದೆ ನಿಂತ್ಕೋತೀಯಾ? ಬಿಚ್ಚಿ ಕುರ್ಚಿ ಮೇಲೆ ಹಾಕು. ಇಸ್ತ್ರಿ ಮಾಡಿದ್ದು ಒಳಗಿದೆ," ಎಂದು ಅತ್ತೆ ಎವ್ದೊಕಿಯಾ ಅಡುಗೆಮನೆಯಿಂದಲೇ ಆಜ್ಞೆ ಹೊರಡಿಸಿದಳು.

ಅರ್ಗಿರಿಸ್ ಬಂದರಿನ ಐಸ್ ಕಾರ್ಖಾನೆಯ ನೌಕರ. ಅವನ ಬಟ್ಟೆಗೆ ಮೀನಿನ ವಾಸನೆ ಹತ್ತಿದ್ದು ಅವನ ತಪ್ಪಲ್ಲ. ಆದರೆ ಅತ್ತೆಯೊಡನೆ ವಾದಿಸಿ ಗೆದ್ದವರನ್ನು ಅವನು ಈವರೆಗೆ ಕಂಡಿರಲಿಲ್ಲ. ನಡುವೆ ಬಂದು ಬಿಡಿಸಲು ಹೆಂಡತಿಯೂ ಇರಲಿಲ್ಲ. ತಂಗಿಯ ಬಾಣಂತನಕ್ಕೆಂದು ಪಿರೇಯಸ್‌ಗೆ ಹೋಗಿದ್ದಳು. ಅವನು ಪ್ಯಾಂಟು ಬದಲಿಸಿದ, ಅತ್ತೆಯ ಕೇಕಿನ ಡಬ್ಬ ಎತ್ತಿಕೊಂಡ, ಎಳೆದರೆ ತಾನೇ ಬೀಗ ಬೀಳುವ ಮನೆಬಾಗಿಲನ್ನು ಎಳೆದುಕೊಂಡು ಅವಳ ಹಿಂದೆ ಬಂದರಿನ ಕಡೆ ಓಡಿದ.

ಅಂದು ಸಂತ ಫನೂರಿಯೋಸನ ಹಬ್ಬ. ಕಳೆದದ್ದನ್ನು ಹುಡುಕಿಕೊಡುವ ಸಂತ ಅವನು. ಉಂಗುರ ಕಳೆದವರು, ಮೇಕೆ ಕಳೆದವರು, ಗಂಡು ಸಿಗದವರು, ಎಲ್ಲರೂ ಮೊಟ್ಟೆ ಬೆಣ್ಣೆ ಹಾಕದ ಕೇಕು ಮಾಡಿ, ಪ್ರಾರ್ಥನೆ ಮಾಡಿಸಿ ಹಂಚುತ್ತಾರೆ. ತಿನ್ನುವವರು ಮೊದಲು ಕೇಳುವುದೇ "ಏನು ಕಳ್ಕೊಂಡೆ?" ಎಂದು. ಹಾಗಾಗಿ ನಮ್ಮೂರಲ್ಲಿ ಗುಟ್ಟಾಗಿ ಏನನ್ನೂ ಕಳೆದುಕೊಳ್ಳುವಂತಿಲ್ಲ. ಸಂತನ ಗುಡಿ ಇರುವುದು ಎದುರಿನ ಗ್ಲಾರೊ ದ್ವೀಪದ ನೆತ್ತಿಯಲ್ಲಿ. ಅಲ್ಲಿ ಕಡಲಹಕ್ಕಿ ಬಿಟ್ಟರೆ ನರಪಿಳ್ಳೆ ಇಲ್ಲ. ಬಾಗಿಲು ತೆಗೆಯುವುದು ಹಬ್ಬದ ದಿನ ಮಾತ್ರ, ಮತ್ತು ಅದರ ಕೀಲಿಕೈ, ಅಂಗೈಯುದ್ದದ ಕಬ್ಬಿಣದ್ದು, ಊರಿನ ನಂಬಿಗಸ್ಥನೊಬ್ಬನ ಬಳಿ ಇರುತ್ತದೆ.

ಬಹುಕಾಲ ಅದು ಕೊಸ್ಮಾಸ್ ಅಜ್ಜನ ಬಳಿ ಇತ್ತು. ಹೋದ ವರ್ಷ ಅಜ್ಜನ ಮಂಡಿ ಕೈಕೊಟ್ಟಾಗ "ಯಾರು ಇಟ್ಕೋತೀರಿ?" ಎಂದು ಪಾದ್ರಿಗಳು ಕೇಳಿದರು. ಅರ್ಗಿರಿಸ್ ಕೈ ಎತ್ತಿದ. ಊರಿಗೆ ಊರೇ ನಕ್ಕಿತು. ಯಾಕೆಂದರೆ ಕಳೆಯುವುದರಲ್ಲಿ ಅರ್ಗಿರಿಸ್‌ನದು ಎತ್ತಿದ ಕೈ. ಹೆಂಡತಿಯ ಹೊಲಿಗೆ ಯಂತ್ರವನ್ನು ಹಡಗಿನಲ್ಲಿ ಮರೆತು ಬಂದವನು ಅವನು. ಈಸ್ಟರ್‌ಗೆಂದು ಕುರಿಮರಿ ಕೊಂಡು, ಮನೆಗೆ ಬರಿ ಹಗ್ಗ ತಂದವನೂ ಅವನೇ. ಎವ್ದೊಕಿಯಾಳಂತೂ ಪ್ರತಿವರ್ಷ ಕೇಕು ಮಾಡುತ್ತಿದ್ದಳು. ಏನು ಕಳೆದಿದೆ ಎಂದು ಕೇಳಿದರೆ, "ಇನ್ನೂ ಇಲ್ಲ. ಅಳಿಯ ಇದ್ದಾನಲ್ಲ, ಇದು ಮುಂಗಡ," ಎನ್ನುತ್ತಿದ್ದಳು.

ಆ ನಗು ಅರ್ಗಿರಿಸ್‌ನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಒಂದೇ ಒಂದು ವಸ್ತುವನ್ನು ಜನ ತನ್ನನ್ನು ನಂಬಿ ಕೊಡಲಿ, ಅದನ್ನು ಹಾಗೆಯೇ ತಿರುಗಿ ಕೊಟ್ಟು ತೋರಿಸುತ್ತೇನೆ, ಅಷ್ಟೇ ಅವನ ಆಸೆ. ಬೇರೆ ಯಾರೂ ಕೈ ಎತ್ತದೆ ಕೀಲಿಕೈ ಅವನ ಪಾಲಾಗಿತ್ತು. ವರ್ಷವಿಡೀ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ. ಮಲಗುವಾಗ ದಿಂಬಿನಡಿ, ಎದ್ದಾಗ ಜೇಬಿನೊಳಗೆ.

ಜೇಬು ಎಂದೊಡನೆ ನಿಮಗೆ ಹೊಳೆದಿರಬೇಕು. ಅವನಿಗೆ ಹೊಳೆದದ್ದು ದೋಣಿ ಬಂದರು ದಾಟಿದ ಮೇಲೆ.

ದೋಣಿ ಲೆಫ್ತೆರಿಸ್‌ನದು. ಬೇಸಿಗೆಯಿಡೀ ಪ್ರವಾಸಿಗರನ್ನು ಗ್ಲಾರೊಗೆ ಕರೆದೊಯ್ದು ಸಂಜೆಗೆ ವಾಪಸು ತರುವುದು ಅವನ ಕಸುಬು. "ಚಿಕ್ಕ ಗುಂಪು, ದೊಡ್ಡ ಆನಂದ" ಎಂದು ದೋಣಿಯ ಮೇಲೆ ಬರೆಸಿದ್ದ. ಹಬ್ಬದ ದಿನ ಪಾದ್ರಿಗಳನ್ನೂ ಊರಿನವರನ್ನೂ ಪುಕ್ಕಟೆ ಒಯ್ಯಬೇಕು. ಆ ನಷ್ಟ ತುಂಬಲು ಒಂದು ಡಚ್ ಜೋಡಿಯನ್ನೂ ಹತ್ತಿಸಿಕೊಂಡಿದ್ದ. ಅವರು ಪಾದ್ರಿ ಯೆರಾಸಿಮೋಸರ ಗಡ್ಡವೂ ಪ್ರವಾಸದ ಭಾಗವೆಂದು ತಿಳಿದು ಫೋಟೋ ತೆಗೆಯುತ್ತಿದ್ದರು.

"ಕೀಲಿ ತಂದಿದೀಯಾ, ಅರ್ಗಿರಿಸ್?" ಎಂದು ಕಲ್ಯೋಪಿ ಕೇಳಿದಳು. ಇವಳು ಪಕ್ಕದ ಮನೆಯವಳು. ಇವಳ ಕಿವಿಗೆ ಬೀಳದ ಸುದ್ದಿ ಊರಲ್ಲಿ ನಡೆದದ್ದೇ ಇಲ್ಲ.

ಅರ್ಗಿರಿಸ್ ಜೇಬಿಗೆ ಕೈ ಹಾಕಿದ. ಇಸ್ತ್ರಿಯ ಗರಿಗರಿ ಬಿಟ್ಟು ಅಲ್ಲಿ ಬೇರೇನೂ ಇರಲಿಲ್ಲ. ಕೀಲಿಕೈ ಕುರ್ಚಿಯ ಮೇಲಿನ ಹಳೆಯ ಪ್ಯಾಂಟಿನಲ್ಲಿ ಆರಾಮಾಗಿ ಕೂತಿರಬೇಕು.

"ಇದೆ," ಎಂದ.

"ಎಲ್ಲಿ, ತೋರಿಸು."

"ತೋರಿಸೋದೇನು ಬಂತು, ಇದೆ ಅಂದೆನಲ್ಲ." ಎಂಜಿನ್ ಪೆಟ್ಟಿಗೆಯ ಪಕ್ಕ ಒಂದು ಸ್ಪ್ಯಾನರ್ ಬಿದ್ದಿತ್ತು. ಕಲ್ಯೋಪಿ ಮುಖ ತಿರುಗಿಸಿದ್ದೇ ತಡ, ಅದನ್ನು ಜೇಬಿಗೆ ಇಳಿಸಿದ. ಜೇಬು ಉಬ್ಬಿತು. ಅವಳು ಉಬ್ಬನ್ನು ನೋಡಿ ತೃಪ್ತಳಾದಳು.

ಈಗ ಹೇಗಾದರೂ ದೋಣಿ ತಿರುಗಬೇಕು. "ಅತ್ತೆ, ಗ್ಯಾಸು ಆರಿಸಿದ್ದು ನೆನಪಿಲ್ಲ. ಮನೆಗೆ ಹೋಗಿ ನೋಡ್ಕೊಂಡು ಬರೋಣವಾ?"

"ನಾನು ಆರಿಸಿದೀನಿ."

"ನನಗೆ ಯಾಕೋ ಹೊಟ್ಟೆ ತೊಳಸ್ತಿದೆ."

ಹೊಟ್ಟೆಯ ವಿಷಯ ಎತ್ತಿದ್ದು ತಪ್ಪಾಯಿತು. ಕಲ್ಯೋಪಿ ಅರ್ಧ ನಿಂಬೆಹಣ್ಣನ್ನು ಅವನ ಬಾಯಿಗೆ ತುರುಕಿದಳು. ಕೊಸ್ಮಾಸ್ ಅಜ್ಜ ಬೆನ್ನು ನೀವಿದ. ಪಾದ್ರಿಗಳು ಹಣೆ ಮುಟ್ಟಿ ಮಂತ್ರ ಹೇಳಿದರು. ಎವ್ದೊಕಿಯಾ ಮಾತ್ರ ಕಣ್ಣು ಕಿರಿದು ಮಾಡಿಕೊಂಡು, "ಏನಾದ್ರೂ ಹೇಳೋದಿದ್ರೆ ಹೇಳಿಬಿಡು. ಹೊಟ್ಟೇಲಿ ಇಟ್ಕೊಂಡ್ರೇ ತೊಳಸೋದು," ಎಂದಳು.

"ಏನಿಲ್ಲ ಅತ್ತೆ," ಎಂದ ಅವನು ನಿಂಬೆಹಣ್ಣಿನ ಸಮೇತ.

ಇನ್ನು ಉಳಿದದ್ದು ಗಾಳಿ. ಆಗಸ್ಟಿನ ಉತ್ತರದ ಗಾಳಿ ಎದ್ದರೆ ಗ್ಲಾರೊ ದಡಕ್ಕೆ ದೋಣಿ ತಾಗಿಸಲು ಆಗುವುದಿಲ್ಲ. ವಾರವಿಡೀ ಅದು ಕುರ್ಚಿ ಮೇಜುಗಳನ್ನು ಹಾರಿಸಿತ್ತು. ಅಂದು ಮಾತ್ರ ಸಮುದ್ರ ತಟ್ಟೆಯಲ್ಲಿಟ್ಟ ಎಣ್ಣೆಯ ಹಾಗೆ ಬಿದ್ದುಕೊಂಡಿತ್ತು. ಅರ್ಗಿರಿಸ್ ಬೆರಳು ನೆನೆಸಿ ಎತ್ತಿ ಹಿಡಿದ, ಕೂತ, ಎದ್ದ, ಮತ್ತೆ ಬೆರಳು ನೆನೆಸಿದ.

"ಕೂತ್ಕೊಳ್ಳಯ್ಯ, ದೋಣಿ ಅಲ್ಲಾಡುತ್ತೆ," ಎಂದ ಲೆಫ್ತೆರಿಸ್.

"ಅಲ್ಲ, ಆ ಡಚ್ಚಿನವರು ಪಾಪ ದೂರದಿಂದ ಬಂದಿದಾರೆ. ನೀಲಿ ಗುಹೆ ತೋರಿಸಲ್ವಾ? ಹೊತ್ತಾದರೂ ಪರವಾಗಿಲ್ಲ."

ಗುಹೆ ತೋರಿಸಿದ್ದಾಯಿತು. ಎಲ್ಲರೂ ಮುಂದೆ ಹೋಗಿ ನೀರಿನ ಬಣ್ಣ ನೋಡುತ್ತಿದ್ದಾಗ ಅವನಿಗೆ ಒಂದು ಆಸೆ ಮೂಡಿತು. ಬೆಳಿಗ್ಗೆ ಡಬ್ಬ ಎತ್ತುವಾಗ ಕೀಲಿಯನ್ನೇನಾದರೂ ಅದರೊಳಗೆ ಹಾಕಿದೆನೇ? ತನ್ನ ವಿಷಯದಲ್ಲಿ ಯಾವುದನ್ನೂ ಇಲ್ಲ ಎನ್ನುವಂತಿಲ್ಲ. ಮೆಲ್ಲಗೆ ಮುಚ್ಚಳ ತೆಗೆದು ಕೇಕಿನ ಸುತ್ತ ಬೆರಳಾಡಿಸಿದ.

"ಅರ್ಗಿರಿಸ್," ಎಂದರು ಹಿಂದಿನಿಂದ ಪಾದ್ರಿಗಳು. "ಪ್ರಾರ್ಥನೆಗೆ ಮುಂಚೆ ಸಂತರ ಕೇಕಿಗೆ ಕೈ ಹಾಕೋದಾ?"

"ವಾಸನೆ ನೋಡ್ತಿದ್ದೆ, ಫಾದರ್."

"ಬೆರಳಿಂದಲಾ?"

ಕಲ್ಯೋಪಿ ಶಿಲುಬೆ ಗುರುತು ಹಾಕಿಕೊಂಡಳು. ಎವ್ದೊಕಿಯಾ ಡಬ್ಬವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅವಳು ಬೈಯದಿದ್ದದ್ದೇ ಅರ್ಗಿರಿಸ್‌ನನ್ನು ಹೆಚ್ಚು ಹೆದರಿಸಿತು.

ಗುಹೆಯಿಂದ ಹೊರಬಂದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ನಿಂತಿತು. ಅರ್ಗಿರಿಸ್‌ನ ಮುಖ ಅರಳಿತು. ಲೆಫ್ತೆರಿಸ್ ಪೆಟ್ಟಿಗೆ ತೆರೆದು, "ಒಂದು ನಟ್ಟು ಸಡಿಲ ಆಗಿದೆ, ಅಷ್ಟೇ. ಸ್ಪ್ಯಾನರ್ ಎಲ್ಲಿ?" ಎಂದ.

ಎಲ್ಲರೂ ಹುಡುಕಿದರು. ಪಾದ್ರಿಗಳು ನಿಲುವಂಗಿ ಕೊಡವಿದರು. ಎಲ್ಲರಿಗಿಂತ ಶ್ರದ್ಧೆಯಿಂದ ಹುಡುಕಿದವನು ಅರ್ಗಿರಿಸ್. ಬಗ್ಗಿದಾಗಲೆಲ್ಲ ಸ್ಪ್ಯಾನರ್ ಅವನ ತೊಡೆಗೆ ಚುಚ್ಚುತ್ತಿತ್ತು. ದೋಣಿ ಸುಮ್ಮನೆ ತೇಲಿತು. ಕಲ್ಯೋಪಿ ಬಂಡೆಗಳ ಕಡೆ ಕೈ ತೋರಿಸಿ, "ಅವು ಹತ್ತಿರ ಬರ್ತಿವೆಯಲ್ಲ," ಎಂದಳು. ಡಚ್ ಹೆಂಗಸು ಫೋಟೋ ತೆಗೆಯುವುದನ್ನು ನಿಲ್ಲಿಸಿದಳು. ಆಗ ಅರ್ಗಿರಿಸ್‌ಗೂ ಭಯವಾಯಿತು. ಮಾನ ಹೋದರೆ ಹೇಗೋ ಬದುಕಬಹುದು, ಪ್ರಾಣ ಹೋದರೆ ಅದೂ ಇಲ್ಲ.

"ಸಂತ ಫನೂರಿಯೋಸ್," ಎಂದ ಲೆಫ್ತೆರಿಸ್ ಆಕಾಶದ ಕಡೆ ಕೈಯೆತ್ತಿ, "ಸ್ಪ್ಯಾನರ್ ಸಿಕ್ಕರೆ ನಿಂಗೆ ಒಂದು ದೊಡ್ಡ ಕೇಕು."

ಎಲ್ಲರ ಕಣ್ಣೂ ಆಕಾಶದಲ್ಲಿದ್ದಾಗ ಅರ್ಗಿರಿಸ್ ಸ್ಪ್ಯಾನರನ್ನು ಹಗ್ಗದ ಸುರುಳಿಯ ಪಕ್ಕ ಜಾರಿಸಿ, "ಇದೇ ಏನು ನೋಡು," ಎಂದ.

"ನಾನು ಅಲ್ಲಿ ಮೂರು ಸಲ ನೋಡಿದ್ದೆ," ಎಂದ ಲೆಫ್ತೆರಿಸ್ ಕೈಮುಗಿದು. ಪಾದ್ರಿಗಳ ಕಣ್ಣಲ್ಲಿ ನೀರು ಬಂತು. ಡಚ್ ಜೋಡಿ ಚಪ್ಪಾಳೆ ತಟ್ಟಿತು.

ಗ್ಲಾರೊ ಬಂದೇ ಬಂತು. ದೋಣಿ ಬಂಡೆಗೆ ತಾಗುವ ಮೊದಲೇ ಅರ್ಗಿರಿಸ್ ನಿರ್ಧಾರ ಮಾಡಿಬಿಟ್ಟಿದ್ದ. ಸ್ಪ್ಯಾನರನ್ನು ಮತ್ತೆ ಎಗರಿಸಿಕೊಂಡು, "ನಾನು ಮುಂದೆ ಹೋಗಿ ಬಾಗಿಲು ತೆಗೆದಿರ್ತೀನಿ, ನೀವು ನಿಧಾನಕ್ಕೆ ಬನ್ನಿ," ಎಂದು ಹಾರಿ, ಆಡಿನ ಹಾಗೆ ಗುಡ್ಡ ಹತ್ತಿದ. ಬೀಗ ಮೀಟುವುದು ಪಾಪವೇ. ಆದರೆ ಸಂತನಿಗೂ ಒಂದಿಷ್ಟು ದಯೆ ಇರಬೇಕಲ್ಲ.

ಗುಡಿಯ ಬಾಗಿಲ ಮುಂದೆ ನಿಂತು ಏದುಸಿರು ಬಿಡುತ್ತ ಭುಜ ಆನಿಸಿದ. ಬಾಗಿಲು ತೆರೆದುಕೊಂಡಿತು.

ಅವನು ನಂಬಲಿಲ್ಲ. ಮುಚ್ಚಿ ಮತ್ತೆ ತಳ್ಳಿದ. ಮತ್ತೆ ತೆರೆದುಕೊಂಡಿತು. ಬೀಗದ ನಾಲಗೆ ತುಕ್ಕು ಹಿಡಿದು ಎಂದೋ ಉದುರಿಹೋಗಿತ್ತು. ಸ್ಪ್ಯಾನರ್ ಕೈಯಿಂದ ಬಿತ್ತು. ಒಳಗೆ ಗೋಡೆಯ ಮೇಲಿನ ಸಂತ ಮೇಣದಬತ್ತಿ ಹಿಡಿದು ಅವನನ್ನೇ ನೋಡುತ್ತಿದ್ದ. ಅರ್ಗಿರಿಸ್‌ಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಹುಟ್ಟಿದ ಮೇಲೆ ಮೊದಲ ಬಾರಿಗೆ ಅವನ ಪಾಲಿಗೆ ಏನೋ ಒಂದು ಸರಿಯಾಗಿ ನಡೆದಿತ್ತು.

ಉಳಿದವರು ಮೇಲೆ ಬಂದಾಗ ಅವನು ಬಾಗಿಲ ಪಕ್ಕ ಎದೆಯುಬ್ಬಿಸಿ ನಿಂತಿದ್ದ.

"ತೆಗೆದೆಯಾ?" ಎಂದಳು ಅತ್ತೆ.

"ತೆಗೆದೆ."

"ಕೀಲಿಯಿಂದ?"

"ಮತ್ತಿನ್ಯಾತರಿಂದ ತೆಗೀತಾರೆ? ಎರಡು ಸುತ್ತು ತಿರುಗಿಸಿದೆ. ಸ್ವಲ್ಪ ಬಿಗಿ ಇದೆ, ಎಣ್ಣೆ ಹಾಕ್ಬೇಕು."

ಆ ಎರಡು ಸುತ್ತೇ ಅತಿಯಾಯಿತು. ಎವ್ದೊಕಿಯಾ ಕೇಕಿನ ಡಬ್ಬವನ್ನು ಕಲ್ಯೋಪಿಯ ಕೈಗೆ ಕೊಟ್ಟು, ಕೊರಳಿಗೆ ಕಟ್ಟಿಕೊಂಡಿದ್ದ ದಾರವನ್ನು ಮೇಲಕ್ಕೆಳೆದಳು. ದಾರದ ತುದಿಯಲ್ಲಿ ಅಂಗೈಯುದ್ದದ ಕಬ್ಬಿಣದ ಕೀಲಿಕೈ ತೂಗುತ್ತಿತ್ತು.

"ಬೆಳಿಗ್ಗೆ ಪ್ಯಾಂಟಿಂದ ನಾನೇ ತೆಗೆದೆ," ಎಂದಳು. "ಇವನಿಗೆ ಗೊತ್ತಾಗುತ್ತಾ ನೋಡೋಣ ಅಂತ. 'ಅತ್ತೆ, ಕೀಲಿ ಇಲ್ಲ' ಅಂತ ಒಂದು ಮಾತು ಹೇಳಿದ್ರೆ ಅಲ್ಲೇ ಕೊಟ್ಟುಬಿಡ್ತಿದ್ದೆ. ಯಾರಿಗೂ ಹೇಳ್ತಿರಲಿಲ್ಲ. ಸಂತರ ಮೇಲಾಣೆ."

ಪಾದ್ರಿಗಳು ತೆರೆದ ಬಾಗಿಲ ಕಡೆ ಬೆರಳು ತೋರಿಸಿದರು.

"ಹಾಗಾದ್ರೆ ನೀನು ಬಾಗಿಲು ಹೇಗೆ ತೆಗೆದೆ?" ಎಂದರು ಪಾದ್ರಿಗಳು.

"ತೆಗೀಲಿಲ್ಲ ಫಾದರ್. ಅದು ತೆರೆದೇ ಇತ್ತು. ತಳ್ಳಿದೆ ಅಷ್ಟೇ. ಬೀಗ ಯಾವತ್ತೋ ಕೆಟ್ಟುಹೋಗಿದೆ."

"ಕೊಸ್ಮಾಸ್ ಅಜ್ಜ ವರ್ಷವರ್ಷವೂ ಕೀಲಿಯಿಂದಲೇ ತೆಗೀತಿದ್ರು. ನಾವೇನು ಕುರುಡರಾ?" ಎಂದಳು ಕಲ್ಯೋಪಿ.

ಎವ್ದೊಕಿಯಾ ಕೀಲಿಕೈಯನ್ನು ಬೀಗಕ್ಕೆ ತೂರಿಸಿ ತಿರುಗಿಸಿದಳು. ತಿರುಗಲಿಲ್ಲ. ಅಷ್ಟರಲ್ಲಿ ಲೆಫ್ತೆರಿಸ್ ಬಗ್ಗಿ ಹೊಸ್ತಿಲ ಬಳಿಯಿಂದ ಏನನ್ನೋ ಎತ್ತಿಕೊಂಡ. ಅದು ಸ್ಪ್ಯಾನರ್. ಅವನು ಒಮ್ಮೆ ಅದನ್ನು ನೋಡಿದ, ಒಮ್ಮೆ ಬೀಗವನ್ನು ನೋಡಿದ, ಆಮೇಲೆ ಅರ್ಗಿರಿಸ್‌ನ ಚಪ್ಪಟೆ ಜೇಬನ್ನು ನೋಡಿದ.

"ಬೆಳಿಗ್ಗೆಯಿಂದ ಇದಕ್ಕೇನಾ ಬಚ್ಚಿಟ್ಕೊಂಡಿದ್ದೆ?" ಎಂದ ನಿಧಾನವಾಗಿ. "ಸಂತರ ಬೀಗ ಒಡೆಯೋಕೆ? ನಾನು ಕೇಕು ಬೇರೆ ಹರಸ್ಕೊಂಡೆನಲ್ಲೋ."

"ಇಲ್ಲ, ಆಣೆಗೂ ಇಲ್ಲ. ಅಜ್ಜ, ನೀವೇ ಹೇಳಿ. ಬೀಗ ಮೊದಲೇ ಕೆಟ್ಟಿತ್ತು ತಾನೇ?"

ಎಲ್ಲರೂ ಕೊಸ್ಮಾಸ್ ಅಜ್ಜನ ಕಡೆ ತಿರುಗಿದರು. ಅಜ್ಜ ಸಮುದ್ರ ನೋಡಿದ, ಮಂಡಿ ನೀವಿಕೊಂಡ, ಮೀಸೆ ನೀವಿಕೊಂಡ.

"ನನ್ನ ಕಾಲದಲ್ಲಿ ಭದ್ರವಾಗಿತ್ತಪ್ಪ," ಎಂದ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅರ್ಗಿರಿಸ್‌ನ ಮಾನ ಒಂದು ಸ್ಪ್ಯಾನರಿಗೆ ಹೋಯಿತು. ಪ್ರಾರ್ಥನೆ ನಡೆಯಿತು, ಕೇಕು ಹಂಚಿದರು, ಅವನಿಗೆ ಸಿಕ್ಕಿದ್ದು ಸೀದ ಅಂಚಿನ ತುಂಡು. ಹೊಸ ಬೀಗ ಹಾಕಿಸುವ ಹೊಣೆ ಅರ್ಗಿರಿಸ್‌ನದು, ಅದರ ಕೀಲಿಕೈ ಎವ್ದೊಕಿಯಾಳದು ಎಂದು ಅಲ್ಲೇ ತೀರ್ಮಾನವಾಯಿತು. ನಿಜ ಹೇಳಿದಾಗಲೂ ಯಾರೂ ನಂಬದ ಮೇಲೆ ಮನುಷ್ಯನಿಗೆ ಹೇಳಲು ಏನು ಉಳಿಯುತ್ತದೆ? ಅವನಿಗೆ ಅಳು ಬಂದಿತ್ತು, ಅದನ್ನು ಕೇಕಿನ ಜೊತೆ ನುಂಗಿದ.

ಹಿಂದಿರುಗುವಾಗ ದೋಣಿಯ ತುದಿಯಲ್ಲಿ ಒಬ್ಬನೇ ಕೂತಿದ್ದ ಅವನ ಪಕ್ಕಕ್ಕೆ ಕೊಸ್ಮಾಸ್ ಅಜ್ಜ ಜರುಗಿಕೊಂಡ.

"ಬೇಜಾರು ಮಾಡ್ಕೋಬೇಡ," ಎಂದ ಪಿಸುಮಾತಿನಲ್ಲಿ. "ಅಸಲಿ ಕೀಲಿ ನಾನು ಮೊದಲನೇ ವರ್ಷವೇ ಸಮುದ್ರಕ್ಕೆ ಬೀಳಿಸ್ಕೊಂಡೆ. ಇದು ನಮ್ಮಕ್ಕನ ವೈನಿನ ನೆಲಮಾಳಿಗೇದು."

"ಮತ್ತೆ ನನಗೆ ಹೇಳ್ಬಾರದಿತ್ತಾ?"

"ನೀನೂ ನನ್ನ ಹಾಗೇ ಓಡಿಹೋಗಿ ಎಲ್ಲರಿಗಿಂತ ಮೊದಲು ತಲುಪ್ತೀಯ, ತಳ್ತೀಯ, ಗೊತ್ತಾಗುತ್ತೆ ಅಂದ್ಕೊಂಡೆ. ಚೆನ್ನಾಗೇ ಓಡಿದೆ. ಸ್ಪ್ಯಾನರ್ ತಗೊಂಡು ಹೋಗು ಅಂತ ಯಾರು ಹೇಳಿದ್ರು ನಿಂಗೆ?"

ಅರ್ಗಿರಿಸ್ ಎದ್ದು ನಿಂತ, ಇದನ್ನು ಎಲ್ಲರಿಗೂ ಕೂಗಿ ಹೇಳೋಣವೆಂದು. ಅಷ್ಟು ಮುಖಗಳನ್ನು ನೋಡಿ ಮತ್ತೆ ಕೂತ.

ಬಂದರಿನಿಂದ ಎಲ್ಲರೂ ಒಟ್ಟಿಗೇ ಬೀದಿ ಹತ್ತಿದರು. ಮನೆಯ ಮುಂದೆ ನಿಂತು ಎವ್ದೊಕಿಯಾ, "ಬಾಗಿಲು ತೆಗಿ," ಎಂದಳು.

ಅರ್ಗಿರಿಸ್ ಜೇಬಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು.

"ಅತ್ತೆ," ಎಂದ. "ಆ ಪ್ಯಾಂಟಲ್ಲಿ ಮನೆ ಕೀಲಿನೂ ಇತ್ತಲ್ಲ, ಅದನ್ನೂ ತೆಗೆದ್ರಿ ತಾನೇ?"

"ಅದನ್ಯಾಕೆ ತೆಗೀಲಿ? ಅದನ್ನಾದ್ರೂ ನೀನೇ ತರ್ತೀಯ ಅಂತ ಬಿಟ್ಟೆ."

ಯಾರೂ ನಗಲಿಲ್ಲ. ಹಿಂದೆ ಬರುತ್ತಿದ್ದ ಲೆಫ್ತೆರಿಸ್ ಮುಂದೆ ಬಂದು, ಅರ್ಗಿರಿಸ್‌ನ ಕೈಗೆ ಸ್ಪ್ಯಾನರ್ ಇಟ್ಟ.